ತಗಡಿನ ಸೂರಿಗೆ ಹಾಸಿಗೆ ಹೊಲಿಸಿದ್ದು

ನಾನು ಏನು ಕೆಲಸ ಮಾಡುತ್ತೇನೆ ಎಂದು ಯಾರಿಗಾದರೂ ಬಿಡಿಸಿ ಹೇಳಿದೆನೆಂದರೆ ಆ ವಾರ ಏನಾದರೂ ಒಂದು ಎಡವಟ್ಟು ಆಗಿಯೇ ತೀರುತ್ತದೆ. ಹೇಳದಿದ್ದರೂ ಆಗುತ್ತದೆ, ಆ ಮಾತು ಬೇರೆ. ಚಿತ್ರದುರ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು ನಾನು. ಪಾಠ ಮಾಡಿಕೊಂಡು ಸುಮ್ಮನಿದ್ದಿದ್ದರೆ ಇಷ್ಟೆಲ್ಲ ನಗೆಪಾಟಲು ಆಗುತ್ತಿರಲಿಲ್ಲ. ಆದರೆ ಪಾಠ ಮುಗಿದ ಮೇಲೆ ಲ್ಯಾಬಿನಲ್ಲಿ ಕೂತು ಒಂದು ಪುಡಿ ಮಾಡುತ್ತೇನೆ. ಎಲ್ಲದಕ್ಕೂ ಆ ಪುಡಿಯೇ ಕಾರಣ.

ಪುಡಿಯ ವಿಷಯ ಕಷ್ಟದ್ದೇನಲ್ಲ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಶೀಸೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಬಿಸಿಲಿಗಿಟ್ಟರೆ ಕರಗುತ್ತದೆ. ಕರಗುವಾಗ ಅದು ಸುತ್ತಲಿನ ಶಾಖವನ್ನು ಕುಡಿಯುತ್ತದೆ, ಮತ್ತೆ ಗಟ್ಟಿಯಾಗುವಾಗ ಕುಡಿದದ್ದನ್ನು ಹೊರಗೆ ಬಿಡುತ್ತದೆ. ಆ ಎಣ್ಣೆಗೆ ಒಂದಿಷ್ಟು ಹಿಪ್ಪೆ ಎಣ್ಣೆ ಬೆರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಮಾಡಿ, ಪ್ರತಿ ಹನಿಗೂ ಶೇಂಗಾ ಹಿಂಡಿಯ ಸಾರ ಮತ್ತು ಜಾಲಿ ಗೋಂದಿನ ಅಂಗಿ ತೊಡಿಸಿ, ಅಳಲೆಕಾಯಿ ಕಷಾಯದಲ್ಲಿ ಆ ಅಂಗಿಯನ್ನು ಬಿಗಿ ಮಾಡಿ ಒಣಗಿಸಿದರೆ ನನ್ನ ಪುಡಿ. ಮೈಕ್ರೋಕ್ಯಾಪ್ಸೂಲ್ ಅನ್ನುತ್ತಾರೆ. ಒಳಗೆ ಎಣ್ಣೆ ಕರಗಿದರೂ ಹೊರಗೆ ಒಂದು ತೊಟ್ಟೂ ಸೋರುವುದಿಲ್ಲ. ನೋಡಲು ಚಿರೋಟಿ ರವೆಯ ಹಾಗಿರುತ್ತದೆ. ಹಗಲು ಶಾಖ ನುಂಗಿ, ರಾತ್ರಿ ತಂಗಾಳಿಗೆ ಉಗುಳುವುದಷ್ಟೇ ಅದರ ಕೆಲಸ.

ಇದು ಲ್ಯಾಬಿನಲ್ಲೇ ಇರುತ್ತಿತ್ತೋ ಏನೋ. ಸಂಕ್ರಾಂತಿ ಕಳೆದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಜವನಗೊಂಡನಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಊರಿನಲ್ಲಿ ಅಂಗನವಾಡಿ ಟೀಚರ್ ಅವಳು.

"ಮೇಡಂ, ನಮ್ ಸೆಂಟರ್‌ದು ತಗಡಿನ ಸೂರು. ಶಿವರಾತ್ರಿ ಕಳೀತು ಅಂದ್ರೆ ಹನ್ನೊಂದು ಗಂಟೆಗೆಲ್ಲ ರೊಟ್ಟಿ ಹಂಚಾಗ್ತೈತೆ. ಮನೆಯೋರು ಬಂದು ಮಕ್ಕಳನ್ನ ಎತ್ಕಂಡು ಹೋಗ್ತಾರೆ. ಮಧ್ಯಾಹ್ನ ಇಲಾಖೆ ಸಾಹೇಬ್ರು ತಪಾಸಣೆಗೆ ಬಂದು ನೋಡಿದ್ರೆ ಒಂದು ಮಗೂನೂ ಇರಲ್ಲ. ಮಕ್ಕಳಿಲ್ಲದ ಸೆಂಟರ್ ಯಾಕೆ, ಊರಿನ ಆ ತುದಿ ಸೆಂಟರಿಗೆ ಸೇರಿಸಿಬಿಡಾಣ ಅಂತಾವ್ರೆ."

ಆ ತುದಿಗೆ ಹೋಗಲು ಕೆರೆ ಏರಿ ದಾಟಬೇಕು. ಈ ಕೇರಿಯ ತಾಯಂದಿರು ಬೆಳಕು ಹರಿಯುತ್ತಲೇ ಹೂ ಬಿಡಿಸಲು, ಕಳೆ ತೆಗೆಯಲು ಹೋಗುವವರು. ಮನೆಯಲ್ಲಿ ಉಳಿಯುವ ಅಜ್ಜಿಯರಿಗೆ ಅಂಗಳ ದಾಟಿದರೆ ಮಂಡಿನೋವು. ಪುಟ್ಟ ಮಕ್ಕಳನ್ನು ಅಷ್ಟು ದೂರ ದಿನಾ ಯಾರು ಬಿಟ್ಟುಬರಬೇಕು? ಸೆಂಟರ್ ಹೋಯಿತೆಂದರೆ ಆ ಮಕ್ಕಳ ಮಧ್ಯಾಹ್ನದ ಊಟ, ಮೊಟ್ಟೆ, ನೆಮ್ಮದಿಯ ನಿದ್ದೆ ಎಲ್ಲವೂ ಹೋದ ಹಾಗೆ. "ನಿಮ್ ಪುಡಿ ಸೂರಿಗೆ ಹಾಕ್ರಿ ಮೇಡಂ, ಮಕ್ಕಳು ನಿಲ್ತಾವೆ" ಎಂದಳು. ನಾನು ಹೂಂ ಅಂದುಬಿಟ್ಟೆ. ಫೋನ್ ಇಟ್ಟು ನೋಡಿದರೆ ಲ್ಯಾಬಿನಲ್ಲಿ ಇದ್ದದ್ದು ಒಂದು ಉಪ್ಪಿನಕಾಯಿ ಬಾಟಲಿಯಷ್ಟು ಪುಡಿ. ಬೇಕಾಗಿದ್ದದ್ದು ಮೂಟೆಗಟ್ಟಲೆ.

ತಲೆಗೆ ಎಣ್ಣೆ

ಮೂಟೆಗಟ್ಟಲೆ ಪುಡಿಗೆ ಡಬ್ಬಗಟ್ಟಲೆ ಎಣ್ಣೆ ಬೇಕು. ಹಿರಿಯೂರಿನ ಒಂದು ಗಾಣಕ್ಕೆ ಹೋದೆ. "ಬೇಗ ಗಟ್ಟಿಯಾಗೋ ಕೊಬ್ಬರಿ ಎಣ್ಣೆ ಕೊಡಿ" ಎಂದೆ. ಗಾಣದ ಯಜಮಾನರು ನನ್ನನ್ನು ಒಮ್ಮೆ ನೋಡಿದರು. ನೋಟ ನನ್ನ ತಲೆಯ ಮೇಲೆ ಹೋಗಿ ನಿಂತಿತು. ನನ್ನ ಕೂದಲು ತೆಳು, ಅದರಲ್ಲಿ ಮುಚ್ಚಿಡುವುದೇನಿಲ್ಲ, ಮುಚ್ಚಿಡಲು ಕೂದಲೂ ಇಲ್ಲ.

"ಒಳ್ಳೇದು ಕೊಡ್ತೀನಿ ಮೇಡಂ. ಬುಡಕ್ಕೆ ಹಚ್ಚಿ ತಿಕ್ರಿ" ಎಂದು ಒಂದು ಡಬ್ಬ ತುಂಬಿಸಿಕೊಟ್ಟರು. ಅದು ತಲೆಗಲ್ಲ, ಸೂರಿಗೆ ಎಂದು ಹೇಳಲು ಬಾಯಿ ತೆರೆದೆ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು, ಬಸ್ಸಿಗೂ ಹೊತ್ತಾಗಿತ್ತು. ಸುಮ್ಮನೆ ಬಂದೆ.

ಮುಂದಿನ ವಾರ ಮತ್ತೆ ಹೋದೆ. ಅದರ ಮುಂದಿನ ವಾರವೂ ಹೋದೆ. ಪ್ರತಿ ಸಲವೂ ಅವರು ಮೊದಲು ನನ್ನ ತಲೆ ನೋಡಿ, ನಿಟ್ಟುಸಿರು ಬಿಟ್ಟು, ಆಮೇಲೆ ಡಬ್ಬ ತುಂಬಿಸುತ್ತಿದ್ದರು. ಕಡೆಗೊಂದು ದಿನ ಡಬ್ಬ ಕೈಗೆ ಕೊಡದೆ ಪಕ್ಕಕ್ಕೆ ಇಟ್ಟರು. ಹೆಂಡತಿಯನ್ನು ಕರೆದು ನನಗೆ ಮಜ್ಜಿಗೆ ಕೊಡಿಸಿದರು. ಕುಡಿಯುವವರೆಗೆ ಕಾದು, ಮೆಲ್ಲಗೆ ಹೇಳಿದರು.

"ಬೇಜಾರ್ ಮಾಡ್ಕಬ್ಯಾಡ್ರಿ ಮೇಡಂ. ನಾವು ವ್ಯಾಪಾರ ಮಾಡೋರು, ಆದ್ರೂ ಮನುಷ್ಯರಲ್ವಾ. ನಮ್ಮಪ್ಪಂಗೂ ಹಿಂಗೇ ಆಗಿತ್ತು. ಎಣ್ಣೆಗೆ ಬರೋದಲ್ಲ ಅದು, ಬಿಟ್ಬಿಡ್ರಿ."

ಹಿಂಡಿ

ಶೇಂಗಾ ಹಿಂಡಿಗೆ ಧರ್ಮಪುರದ ಕಡೆ ಹೋಗಿದ್ದೆ. ಅಂಗಡಿಯವನು ಮೂಟೆ ಹೊಲಿಯುತ್ತಾ ಕೇಳಿದ, "ಹಾಲು ಎಷ್ಟು ಕೊಡ್ತೈತೆ?"

ಬಿಸಿಲಿಗೆ ನನ್ನ ತಲೆ ಕೆಟ್ಟಿತ್ತು. "ಹಾಲು ಕೊಡಲ್ಲ" ಎಂದೆ.

"ಗಬ್ಬ ಆಗೈತಾ?"

"ಇಲ್ಲ. ಆಗೋದೂ ಇಲ್ಲ."

ಅವನು ಹೊಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಮೂಟೆ ತಾನೇ ಹೊತ್ತು ತಂದು ಬಸ್ಸಿಗೆ ಹಾಕಿದ, ಕಂಡಕ್ಟರಿಗೆ ಹೇಳಿ ನನಗೆ ಕಿಟಕಿ ಪಕ್ಕದ ಸೀಟು ಕೊಡಿಸಿದ. ಬಸ್ಸು ಹೊರಡುವಾಗ ಕಿಟಕಿಗೆ ಬಂದು ಕೈ ಮುಗಿದ.

"ಹಾಲು ಕೊಡದಿರೋದಕ್ಕೂ ಹಿಂಡಿ ಹಾಕ್ತೀರಲ್ಲ ತಾಯಿ. ಇಂಥ ಮನಸು ಈಗಿನ ಕಾಲದಾಗೆ ಎಲ್ಲೈತೆ?"

ಉಪ್ಪು ಕಡಿಮೆ

ಲ್ಯಾಬಿನಲ್ಲಿ ಇರುವೆ ಕಾಟ. ಶೇಂಗಾ ವಾಸನೆಗೆ ಎಲ್ಲಿಂದಲೋ ಸಾಲು ಹಿಡಿದು ಬರುತ್ತವೆ. ಹಾಗಾಗಿ ಒಂದು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಪುಡಿ ತುಂಬಿ ಮನೆಯ ಫ್ರಿಜ್ಜಿನಲ್ಲಿಟ್ಟೆ. ಆ ವಾರವೇ ಹೊಳಲ್ಕೆರೆಯಿಂದ ನಮ್ಮ ಅತ್ತೆ ಬಂದರು.

ನಮ್ಮ ಅತ್ತೆ ಸುಮ್ಮನೆ ಕೂರುವ ಪೈಕಿ ಅಲ್ಲ. ಬಂದ ಮನೆಯ ಅಡುಗೆಮನೆಯನ್ನು ಸಂಜೆಯೊಳಗೆ ತಮ್ಮದು ಮಾಡಿಕೊಳ್ಳುತ್ತಾರೆ. ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಅವರ ಇಬ್ಬರು ಮಕ್ಕಳು, ಎಂದರೆ ನನ್ನ ಗಂಡ ಮತ್ತು ಮೈದುನ, ತಟ್ಟೆ ಮುಂದೆ ಕೂತಿದ್ದರು. ಹಬೆಯಾಡುವ ಅನ್ನ, ತುಪ್ಪ, ಪಕ್ಕದಲ್ಲಿ ಕೆಂಪಗೆ ಚಟ್ನಿಪುಡಿ.

"ಅಮ್ಮ, ಈ ಸಲ ಪುಡಿ ಏನೋ ಬೇರೆ ಥರ ಐತೆ" ಎಂದ ಮೈದುನ. ಅವನು ಯಾವಾಗಲೂ ಬಸ್ಸಿಗೆ ಅವಸರದವನು, ಬಿಸಿ ಅನ್ನ ಊದಿ ಊದಿ ಉಂಡು ಬಾಯಿ ಸುಟ್ಟುಕೊಳ್ಳುವವನು. "ಕಲಸಿಕೊಂಡ್ರೆ ಅನ್ನ ಆಗ್ಲೇ ಹದವಾಗ್ತೈತೆ. ಊದಾದೇ ಬ್ಯಾಡ."

ಅಡುಗೆಮನೆಗೆ ಓಡಿದೆ. ಫ್ರಿಜ್ ತೆಗೆದು ನೋಡಿದೆ. ಡಬ್ಬಿ ಅಲ್ಲಿರಲಿಲ್ಲ, ತೊಳೆದು ಸಿಂಕಿನ ಪಕ್ಕ ಬೋರಲು ಹಾಕಿದ್ದರು. ಅದರಲ್ಲಿ ತಿನ್ನಬಾರದ್ದು ಏನೂ ಇರಲಿಲ್ಲ ನಿಜ, ಎಲ್ಲ ಎಣ್ಣೆ, ಹಿಂಡಿ, ಗೋಂದು, ಅಳಲೆಕಾಯಿ. ಆದರೆ ಎಷ್ಟೋ ಸಂಜೆಗಳ ಕೆಲಸ ಇಬ್ಬರ ತಟ್ಟೆಯಲ್ಲಿತ್ತು. ಅಳು, ಸಿಟ್ಟು ಎರಡೂ ಒಟ್ಟಿಗೇ ಬಂತು. "ಅತ್ತೆ, ಅದು ನನ್ನ ಸೈನ್ಸಿಂದು" ಎಂದೆ.

ಅತ್ತೆ ಕೊಂಚವೂ ಅಳುಕಲಿಲ್ಲ. ಮಗನ ತಟ್ಟೆಗೆ ಇನ್ನೊಂದು ಚಮಚ ಹಾಕಿದರು.

"ಗೊತ್ತಾತು ಬಿಡಮ್ಮ. ಒಂದೀಟು ಒಗರಿತ್ತು, ಬೆಳ್ಳುಳ್ಳಿ ಹಾಕಿ ಸರಿಮಾಡ್ದೆ. ನಿನ್ ಸೈನ್ಸಿಗೆ ಉಪ್ಪೇ ಇರಲಿಲ್ಲ."

ಬಿಸಿಲಿಗೆ ಸಿಂಗಲ್ಲಾ, ಡಬ್ಬಲ್ಲಾ

ಮತ್ತೆ ಪುಡಿ ಮಾಡಿದೆ. ಇರುವೆ ಇದ್ದರೂ ಪರವಾಗಿಲ್ಲ ಎಂದು ಈ ಸಲ ಲ್ಯಾಬಿನಲ್ಲೇ ಇಟ್ಟೆ. ಅತ್ತೆಗಿಂತ ಇರುವೆ ಕಡಿಮೆ ತಿನ್ನುತ್ತವೆ.

ಪುಡಿಯನ್ನು ತಗಡಿನ ಕೆಳಗೆ ನಿಲ್ಲಿಸಲು ಹಾಸಿಗೆಯಂಥದ್ದೊಂದು ಬೇಕಿತ್ತು. ಚಿತ್ರದುರ್ಗದ ಪೇಟೆಯಲ್ಲಿ ಹಾಸಿಗೆ ಸಾಹೇಬರು ಇದ್ದಾರೆ. ಅಜ್ಜನ ಅಜ್ಜನ ಕಾಲದಿಂದ ಹತ್ತಿ ಹಿಂಜುವ ಮನೆತನ. ಈ ಊರಿನಲ್ಲಿ ಮದುವೆಯಾದವರು ಅರ್ಧ ಜನ ಅವರ ಹಾಸಿಗೆಯ ಮೇಲೇ ಸಂಸಾರ ಶುರು ಮಾಡಿದವರು. ನಾನೂ ಅವರಲ್ಲಿ ಒಬ್ಬಳು.

ಸೂರಿಗೆ ಕಟ್ಟಲು ಹಾಸಿಗೆ ಬೇಕೆಂದಾಗ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಅರೆ ಮೇಡಂ, ಹಾಸಿಗೆ ಅಂದ್ರೆ ನೆಲಕ್ಕೆ, ಇಲ್ಲಾಂದ್ರೆ ಮಂಚಕ್ಕೆ. ಸೂರಿಗೆ ಹಾಕಿದ್ರೆ ಮಲಗೋರು ಯಾರು?"

"ಬಿಸಿಲು ಮಲಗುತ್ತೆ ಸಾಹೇಬ್ರೆ" ಎಂದೆ, ಪೂರ್ತಿ ಪಾಠ ಮಾಡಲು ತಾಳ್ಮೆ ಇಲ್ಲದೆ.

ಅವರು ಕನ್ನಡಕ ಮತ್ತೆ ಏರಿಸಿದರು. ಟೇಪು ಕೈಗೆತ್ತಿಕೊಂಡರು. "ಸಿಂಗಲ್ಲಾ, ಡಬ್ಬಲ್ಲಾ?" ಎಂದರು.

ಕೆಲಸ ಮಾತ್ರ ಅಚ್ಚುಕಟ್ಟು. ಪುಡಿ ಒಂದೇ ಮೂಲೆಗೆ ಜಾರದಂತೆ ಗೇಣಗಲದ ಖಾನೆ ಖಾನೆ ಹೊಲಿದು, ಮೇಲೊಂದು ತೆಳು ಪದರ ಹತ್ತಿ ಹಾಕಿದರು. ಹತ್ತಿ ಬೇಡವೆಂದರೆ ಕೇಳಲಿಲ್ಲ. "ಹತ್ತಿ ಇಲ್ಲದ ಹಾಸಿಗೆ ನಮ್ಮ ಅಂಗಡಿಯಿಂದ ಹೋಗಿಲ್ಲ" ಎಂದರು. ಲಗೇಜ್ ಆಟೋದಲ್ಲಿ ಹಾಸಿಗೆಗಳ ಜೊತೆ ತಾವೂ ಕೂತು ಊರಿಗೆ ಬಂದು, ಏಣಿ ಹತ್ತಿ ತಾವೇ ಕಟ್ಟಿದರು. ನನಗೆ ಕಾಲೇಜಿತ್ತು, ಹೋಗಲಾಗಲಿಲ್ಲ. ಸಂಜೆ ಟೀಚರ್ ಫೋಟೋ ಕಳಿಸಿದಳು.

ಸೂರಿನ ತುಂಬ ಹಾಸಿಗೆ ಚೆನ್ನಾಗಿ ಬಿಗಿದು ಕೂತಿತ್ತು. ಆದರೆ ಒಂದೊಂದು ಹಾಸಿಗೆಯ ತಲೆಕಡೆಗೂ ಎರಡೆರಡು ದಿಂಬು ಜೋತಾಡುತ್ತಿದ್ದವು. ಹೂವಿನ ಗವಸು ಬೇರೆ. ಸಾಹೇಬರಿಗೆ ಫೋನ್ ಮಾಡಿ ಇದೇನೆಂದು ಕೇಳಿದೆ.

"ಅದು ಪುಕ್ಕಟೆ ಮೇಡಂ" ಎಂದರು. "ಹಾಸಿಗೆ ಕೊಟ್ಟು ದಿಂಬು ಕೊಡದಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ನಾಳೆ ಬಿಸಿಲು ಕತ್ತು ಉಳುಕ್ತು ಅಂದ್ರೆ ಹೆಸರು ಕೆಡೋದು ನನ್ದು."

ಥರ್ಮಾಮೀಟರ್ ಕ್ಷೇಮ

ಹಾಸಿಗೆ ಕಟ್ಟಿದ ಮೇಲೆ ಗೋಡೆಗೆ ತೂಗುಹಾಕಲು ಒಂದು ಥರ್ಮಾಮೀಟರ್ ಕಳಿಸಿಕೊಟ್ಟೆ. ದಿನಾ ಮಧ್ಯಾಹ್ನ ಅದನ್ನು ನೋಡಿ ಫೋನಿನಲ್ಲಿ ಹೇಳುವ ಕೆಲಸ ಅಂಗನವಾಡಿಯ ಆಯಾಗೆ. ಆಯಾ ಅಂದರೆ ಆ ಕೇರಿಯ ಅರ್ಧ ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡೇ ಬೆಳೆಸಿದ ಹೆಂಗಸು. ಮಕ್ಕಳು ಅವರ ಹಿಂದೆ, ಟೀಚರೂ ಅವರ ಹಿಂದೆ.

ಮೊದಲ ದಿನದಿಂದಲೇ ಆಯಾ ಹೇಳಿದ ಅಂಕಿ ಕೇಳಿ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೊರಗೆ ಕೆಂಡ, ಒಳಗೆ ಮಲೆನಾಡು. ನಾನು ಎಣಿಸಿದ್ದಕ್ಕಿಂತ ಎಷ್ಟೋ ತಂಪು. ಪ್ರಿನ್ಸಿಪಾಲರಿಗೆ ಹೇಳಿದೆ. ಸ್ಟಾಫ್ ರೂಮಿಗೆ ಮೈಸೂರ್ ಪಾಕ್ ತಂದು ಹಂಚಿದೆ. ಫಿಸಿಕ್ಸ್‌ನವರು "ಇಷ್ಟು ಇಳಿಯೋಕೆ ಸಾಧ್ಯವೇ ಇಲ್ಲವಲ್ಲ" ಎಂದು ಗೊಣಗಿದಾಗ, ಹೊಟ್ಟೆಕಿಚ್ಚು ಅಂದುಕೊಂಡು ಅವರಿಗೆ ಇನ್ನೊಂದು ತುಂಡು ಕೊಟ್ಟೆ.

ವಾರವಾದ ಮೇಲೆ ಟೀಚರ್ ಅಳುವ ದನಿಯಲ್ಲಿ ಫೋನ್ ಮಾಡಿದಳು. "ಮೇಡಂ, ಈಗ್ಲೂ ಹನ್ನೊಂದಕ್ಕೆ ಮಕ್ಕಳು ಹೋಗ್ತಾವೆ. ತಪಾಸಣೆಗೆ ಸಾಹೇಬ್ರು ಬರೋ ದಿನ ಹತ್ರ ಬಂತು." ನಾನು ಅವಳಿಗೇ ರೇಗಿದೆ. ಅಂಕಿ ಇಷ್ಟು ಚೆನ್ನಾಗಿರುವಾಗ ಮಕ್ಕಳು ಯಾಕೆ ಹೋಗಬೇಕು? ರಜೆ ಹಾಕಿ ಬಸ್ಸು ಹಿಡಿದು ಹೋದೆ.

ಒಳಗೆ ಕಾಲಿಟ್ಟರೆ ಬೆಂಕಿ. ಗೋಡೆಯ ಮೇಲೆ ಥರ್ಮಾಮೀಟರ್ ಇಲ್ಲ. ಎಲ್ಲಿ ಎಂದರೆ, ಆಯಾ ಕುಡಿಯುವ ನೀರಿನ ಗಡಿಗೆಯ ಹಿಂದಿನಿಂದ ತೆಗೆದು ಸೆರಗಿನಲ್ಲಿ ಒರೆಸಿ ಕೊಟ್ಟರು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ, ಅದರ ಮಗ್ಗುಲಲ್ಲಿ ವಾರವಿಡೀ ಆರಾಮಾಗಿ ಒರಗಿತ್ತು ನನ್ನ ಥರ್ಮಾಮೀಟರ್.

"ಗ್ವಾಡೆ ಮ್ಯಾಲಿದ್ರೆ ಮಕ್ಕಳು ಒಡದಾಕ್ತಾವೆ. ಗಾಜಿಂದು ಪಾಪ, ಈ ಬಿಸಿಗೆ ಸಿಡಿದ್ರೆ?" ಎಂದರು.

ಸೂರಿನ ಹಾಸಿಗೆ ಯಾಕೆ ಕೆಲಸ ಮಾಡಲಿಲ್ಲ ಎಂಬುದೂ ಆಮೇಲೆ ತಿಳಿಯಿತು. ಸಂಜೆ ಮನೆಗೆ ಹೋಗುವಾಗ ಆಯಾ ಎಲ್ಲ ಕಿಟಕಿ ಬಿಗಿಯಾಗಿ ಮುಚ್ಚಿ ಹೋಗುತ್ತಿದ್ದರು, ಬೆಕ್ಕು ಬಂದು ಮೊಟ್ಟೆ ಒಡೆಯದ ಹಾಗೆ. ರಾತ್ರಿ ಗಾಳಿ ತಾಕದೆ ಒಳಗಿನ ಎಣ್ಣೆ ಗಟ್ಟಿಯಾಗಿರಲೇ ಇಲ್ಲ. ಮೊದಲೇ ಕರಗಿ ಕೂತದ್ದು ಮರುದಿನ ಇನ್ನೆಷ್ಟು ಶಾಖ ಕುಡಿದೀತು? ಎಣ್ಣೆ ಶೀಸೆಯ ಉದಾಹರಣೆ ಕೊಟ್ಟು ಎಲ್ಲ ವಿವರಿಸಿದೆ. ಆಯಾ ಗಮನವಿಟ್ಟು ಕೇಳಿದರು. "ಅಂದ್ರೆ ಹಗಲು ಉಂಡಿದ್ದು ರಾತ್ರಿ ಅರಗಬೇಕು" ಎಂದರು. ಹೌದೆಂದೆ. ಅವತ್ತೇ ಮೊಟ್ಟೆಗಳು ಆಯಾ ಮನೆಗೆ ಹೋದವು. ಕಿಟಕಿಗಳಿಗೆ ಬೆಕ್ಕು ನುಸುಳದಂಥ ಜಾಲರಿ ಬಂತು.

ನಾನು ಹೊರಡುವಾಗ ಆಯಾ ಒಮ್ಮೆ ಸೂರು ನೋಡಿದರು, ಒಮ್ಮೆ ಗಡಿಗೆ ನೋಡಿದರು.

"ಅಲ್ಲ ಮೇಡಂ, ಗಡಿಗೆ ಅಷ್ಟೊಂದು ತಣ್ಣಗೈತೆ ಅಂತ ನೀವೇ ಅಂತೀರ. ಇಷ್ಟೆಲ್ಲ ಪುಡಿ ಮಾಡೋ ಬದಲು ಅದನ್ನೇ ಸೂರಿಗೆ ಕಟ್ಟಬೌದಿತ್ತಲ್ರಿ?"

ಸಾಹೇಬರು ಬಂದರು

ಕಿಟಕಿ ತೆರೆದಿಟ್ಟ ಮೇಲೆ ಸೆಂಟರ್ ನಿಜವಾಗಿಯೂ ತಂಪಾಯಿತು. ಮಲೆನಾಡಲ್ಲ, ಆದರೆ ಮಗು ಬೆವರದೆ ಮಲಗುವಷ್ಟು. ಇದು ನನ್ನ ಪುಡಿಯಿಂದ ಎಂದು ನಾನು, ತಮ್ಮ ಹತ್ತಿಯಿಂದ ಎಂದು ಹಾಸಿಗೆ ಸಾಹೇಬರು, ತಾವು ಅಮಾವಾಸ್ಯೆಗೆ ದೃಷ್ಟಿ ತೆಗೆದದ್ದರಿಂದ ಎಂದು ಆಯಾ. ಹನ್ನೊಂದಾದರೂ ಯಾರೂ ಮಕ್ಕಳನ್ನು ಕರೆದುಕೊಂಡು ಹೋಗಲು ಬರಲಿಲ್ಲ. ಬಂದ ಒಂದಿಬ್ಬರು ಅಜ್ಜಿಯರು ತಾವೂ ಅಲ್ಲೇ ಕೂತರು.

ತಪಾಸಣೆಯ ದಿನ ನಾನೂ ಹೋಗಿದ್ದೆ. ಟೀಚರ್ ಮುಖದಲ್ಲಿ ರಕ್ತವೇ ಇರಲಿಲ್ಲ. "ಇವತ್ತು ಏನಾದ್ರೂ ಹೆಚ್ಚುಕಡಿಮೆ ಆದ್ರೆ ಮುಗೀತು ಮೇಡಂ" ಎಂದಳು. ನನಗೂ ಕೈಕಾಲು ತಣ್ಣಗಾಗಿತ್ತು. ಅದಕ್ಕೆ ಮಾತ್ರ ಪುಡಿ ಕಾರಣವಲ್ಲ.

ಮಟಮಟ ಮಧ್ಯಾಹ್ನ ಜೀಪು ಬಂತು. ಇಲಾಖೆಯ ಸಾಹೇಬರು ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಇಳಿದರು. ಖಾಲಿ ಕೋಣೆ ನೋಡುವ ತಯಾರಿಯಲ್ಲಿ ಬಂದವರು ಬಾಗಿಲಲ್ಲೇ ನಿಂತರು. ನೆಲದ ತುಂಬ ಮಕ್ಕಳು. ಗೋಡೆಯಿಂದ ಗೋಡೆಗೆ, ಕಾಲಿಡಲು ಜಾಗವಿಲ್ಲದ ಹಾಗೆ, ಒಬ್ಬರ ಹೊಟ್ಟೆಯ ಮೇಲೆ ಇನ್ನೊಬ್ಬರ ಕಾಲು ಹಾಕಿಕೊಂಡು ಮಲಗಿದ್ದರು. ನನಗೆ ಹಿಗ್ಗೋ ಹಿಗ್ಗು. ಆದರೆ ಸಾಹೇಬರ ಮುಖ ಬಿಗಿಯಿತು.

"ಏನಮ್ಮ ಇದು? ನಿನ್ನ ಸೆಂಟರಿಗೆ ಸೇರಿರೋ ಮಕ್ಕಳೇ ಇಷ್ಟಿಲ್ಲ. ಇಲ್ಲಿ ಅದರ ಎರಡರಷ್ಟು ಅವೆ. ನಾನು ಬರ್ತೀನಿ ಅಂತ ಬಾಡಿಗೆ ಮಕ್ಕಳನ್ನ ತಂದು ಮಲಗಿಸಿದೀಯಾ?"

ಟೀಚರ್ ಆಯಾ ಕಡೆ ತಿರುಗಿದಳು. ನನಗೂ ಆಗಲೇ ಹೊಳೆದದ್ದು, ಮಕ್ಕಳು ನಿಜಕ್ಕೂ ಹೆಚ್ಚಿದ್ದಾರೆ. ಆಯಾ ಮಾತ್ರ ಸೂರಿನ ಕಡೆ ನೋಡುತ್ತ ನಿಂತಿದ್ದರು, ಅಲ್ಲಿ ಏನೋ ಬಹಳ ಮುಖ್ಯವಾದದ್ದು ಇರುವ ಹಾಗೆ.

"ಇರ್ಲಿ. ಆ ತುದಿ ಸೆಂಟರಿನ ಟೀಚರನ್ನೇ ಕೇಳ್ತೀನಿ" ಎಂದು ಸಾಹೇಬರು ಫೋನ್ ತೆಗೆದರು. "ಅವರು ಶಿಸ್ತಿನ ಹೆಂಗಸು. ಅಲ್ಲಿನ ಮಕ್ಕಳು ಅಲ್ಲೇ ಅವೆಯೋ ಇಲ್ವೋ ಗೊತ್ತಾಗಿಬಿಡ್ತೈತೆ."

ನಂಬರ್ ಒತ್ತಿದರು.

ಕೋಣೆಯ ಮೂಲೆಯಲ್ಲಿ ಒಂದು ಫೋನ್ ಬಡಿದುಕೊಳ್ಳತೊಡಗಿತು.

ಅಲ್ಲಿ ಮಕ್ಕಳ ನಡುವೆ ತಲೆತುಂಬ ಸೆರಗು ಹೊದ್ದ ಒಂದು ದೊಡ್ಡ ಆಕೃತಿ ಮಲಗಿತ್ತು. ನಾನು ಯಾವುದೋ ಅಜ್ಜಿ ಅಂದುಕೊಂಡಿದ್ದೆ. ಸೆರಗಿನೊಳಗಿಂದ ಒಂದು ಕೈ ಹೊರಬಂದು, ನೆಲದ ಮೇಲೆ ತಡಕಾಡಿ, ಫೋನ್ ಹುಡುಕಿ ಮತ್ತೆ ಸೆರಗಿನೊಳಗೆ ಹೋಯಿತು.

"ಹಲೋ... ನಮಸ್ಕಾರ ಸಾರ್. ಸೆಂಟರ್‌ನಾಗೇ ಇದೀನಿ ಸಾರ್. ಹೂಂ ಸಾರ್, ಎಲ್ಲ ಮಕ್ಕಳೂ ಅವೆ. ನನ್ ಕಣ್ಮುಂದೇನೇ ಅವೆ ಸಾರ್."

ಸಾಹೇಬರಿಗೆ ಒಂದು ಕಿವಿಗೆ ಫೋನಿನಿಂದ, ಇನ್ನೊಂದು ಕಿವಿಗೆ ಮೂಲೆಯಿಂದ ಅದೇ ದನಿ ಕೇಳಿಸುತ್ತಿತ್ತು. ಅವರು ಫೋನ್ ಇಳಿಸಲಿಲ್ಲ. "ಯಾವ ಸೆಂಟರ್‌ನಾಗಮ್ಮ?" ಎಂದರು.

"ನಮ್ ಸೆಂಟರ್‌ನಾಗೇ ಸಾರ್. ಬರ್ರಿ ಸಾರ್, ಯಾವಾಗ ಬೇಕಾದ್ರೂ ಬಂದು ನೋಡ್ರಿ."

"ಬಂದೀನಿ. ಕಣ್ಣು ಬಿಡಮ್ಮ."

ಸೆರಗು ಸರಿಯಿತು. ಆಕೆ ಎದ್ದು ಕೂತು ಸಾಹೇಬರನ್ನು ನೋಡಿದರು, ಫೋನ್ ನೋಡಿದರು, ಗೋಡೆಯ ಮೇಲೆ ತಮ್ಮದಲ್ಲದ ಚಿತ್ರಗಳನ್ನು ನೋಡಿದರು. ನಿದ್ದೆಗಣ್ಣಿನಲ್ಲೇ ನಿಜ ಹೊರಬಂತು. ಅವರ ಸೆಂಟರಿನ ಆರ್‌ಸಿಸಿ ತಾರಸಿ ಮಧ್ಯಾಹ್ನಕ್ಕೆ ಕಾದು ಮಕ್ಕಳೆಲ್ಲ ಅಳುತ್ತಿದ್ದವಂತೆ. ಈ ಸೂರು ತಂಪು ಎಂದು ಸುದ್ದಿ ಹಬ್ಬಿ, ದಿನಾ ಬೆಳಿಗ್ಗೆ ಬಿಸಿಲೇರುವ ಮೊದಲೇ ಮಕ್ಕಳ ಕೈಗೆ ಕೈ ಹಿಡಿಸಿ, ಏರಿ ದಾಟಿಸಿಕೊಂಡು ಬರುತ್ತಿದ್ದರಂತೆ. ಬಾಗಿಲು ತೆಗೆದು ಜಾಗ ಮಾಡಿಕೊಟ್ಟವರು ಆಯಾ. ಬೇಡವೆನ್ನಲು ಟೀಚರಿಗೂ ಮನಸ್ಸು ಬಂದಿರಲಿಲ್ಲ.

"ಕೂಸುಗಳು ತಂಪಿಗೆ ಬಂದ್ರೆ ಹೋಗ್ರಿ ಅನ್ನಾಕಾಗ್ತದಾ ಸಾರ್" ಎಂದರು ಆಯಾ, ಸೂರಿನಿಂದ ಕಣ್ಣು ಕೀಳದೆ.

ಸಾಹೇಬರು ಫೋನ್ ಜೇಬಿಗಿಟ್ಟರು. ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಎಳೆದುಕೊಂಡು ಅದರಲ್ಲಿ ಹೇಗೋ ಕೂತರು. ಮೇಲೆ ನೋಡಿದರು. ಕತ್ತಿನ ಬೆವರು ಆರಿತ್ತು, ಕರವಸ್ತ್ರ ಜೇಬಿಗೆ ಹೋಯಿತು. ಪಕ್ಕದಲ್ಲಿ ಮಲಗಿದ್ದ ಒಂದು ಮಗು ನಿದ್ದೆಯಲ್ಲೇ ಉರುಳಿ ಬಂದು ಅವರ ಬೂಟಿನ ಮೇಲೆ ತಲೆ ಇಟ್ಟಿತು. ಅವರು ಕಾಲು ಅಲ್ಲಾಡಿಸಲಿಲ್ಲ. ಟೀಚರ್ ಕಣ್ಣೊರೆಸಿಕೊಂಡಳು.

ಸಾಹೇಬರು ಮತ್ತೆ ಫೋನ್ ಎತ್ತಿ ಆಫೀಸಿಗೆ ಹಚ್ಚಿದರು. ಸರ್ಕಾರಿ ದನಿ, ಸೂರು ಅದುರುವ ಹಾಗೆ. "ಹಲೋ! ಆ ಎರಡು ಸೆಂಟರ್ ಸೇರಿಸೋ ಫೈಲ್ ಇತ್ತಲ್ಲ, ಅದನ್ನ ಮುಚ್ಚಿಬಿಡ್ರಿ! ಹೌದು, ಇವತ್ತೇ ಮುಚ್ಚಿಬಿಡ್ರಿ!"

ಮೂಲೆಯಲ್ಲಿ ಒಂದು ಮಗು ಮಿಸುಕಾಡಿತು. ಆಯಾ ತುಟಿಯ ಮೇಲೆ ಬೆರಳಿಟ್ಟು ಸಾಹೇಬರ ಹತ್ತಿರ ಬಗ್ಗಿದರು.

"ಮುಚ್ರಿ ಸಾರ್, ಬ್ಯಾಡ ಅನ್ನಲ್ಲ. ಒಂಚೂರು ಮೆಲ್ಲಕೆ ಮುಚ್ರಿ. ಮಕ್ಕಳು ಮಲಿಕ್ಕಂಡವೆ."